ಬಿದ್ದವನನ್ನು ಎಬ್ಬಿಸುವವರಿಲ್ಲದ ಯುದ್ಧ

ಒಂದು ಯುದ್ಧವಿಮಾನದ ಬೆನ್ನು ಹತ್ತಿ ಇನ್ನೊಂದು ಬರುತ್ತಿದೆ. ಮುಂದಿನ ವಿಮಾನದ ಪೈಲಟ್ ಮೂತಿಯನ್ನು ನೆಟ್ಟಗೆ ಆಕಾಶಕ್ಕೆ ಎತ್ತುತ್ತಾನೆ. ಸೀಟಿನಿಂದ ಹೊರಕ್ಕೆ ಹಾರಿ, ಗಾಳಿಯಲ್ಲೇ ತಿರುಗಿ, ಹೆಗಲಿಗಿದ್ದ ರಾಕೆಟ್ ಲಾಂಚರ್‌ನಿಂದ ಹಿಂದಿನ ವಿಮಾನವನ್ನು ಹೊಡೆದು, ಬೀಳುತ್ತಾ ಬೀಳುತ್ತಾ ತನ್ನ ವಿಮಾನದೊಳಕ್ಕೇ ಮರಳುತ್ತಾನೆ. 2021ರ ಜೂನ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2042’ ವಿಡಿಯೊ ಗೇಮ್‌ನ ಮೊದಲ ಟ್ರೇಲರ್‌ನಲ್ಲಿ ಇದ್ದ ದೃಶ್ಯ ಇದು. ಈ ಕಸರತ್ತು ಆಟ ಕಟ್ಟಿದವರ ಕಲ್ಪನೆಯಲ್ಲ. ಹತ್ತು ವರ್ಷದ ಹಿಂದಿನ ‘ಬ್ಯಾಟಲ್‌ಫೀಲ್ಡ್ 3’ರಲ್ಲಿ ಆಟಗಾರನೊಬ್ಬ ಮಾಡಿ ತೋರಿಸಿ, ವಿಡಿಯೊ ಹಾಕಿ, ಜಗತ್ತಿನ ಗೇಮರ್‌ಗಳ ಬಾಯಲ್ಲೆಲ್ಲ ಓಡಾಡಿದ ಸಾಹಸ. ಅದನ್ನೇ ತಯಾರಕರು ತಂದು ಹೊಸ ಆಟದ ಹೆಬ್ಬಾಗಿಲಲ್ಲಿ ನಿಲ್ಲಿಸಿದ್ದರು. ಹಳೆಯ ಆಟಗಾರರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ. ನಮ್ಮ ಆಟ ಇವರಿಗೆ ಗೊತ್ತಿದೆ ಎಂಬ ನಂಬಿಕೆ ಹುಟ್ಟಿತು, ಮುಂಗಡ ಬುಕ್ಕಿಂಗ್ ಆಯಿತು.

ನವೆಂಬರ್ 19ಕ್ಕೆ ಆಟ ಬಿಡುಗಡೆಯಾಯಿತು. ಮುಂದಿನ ಫೆಬ್ರವರಿಯ ಹೊತ್ತಿಗೆ ‘ನಮ್ಮ ಹಣ ವಾಪಸ್ ಕೊಡಿ’ ಎಂಬ ಆನ್‌ಲೈನ್ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು.

ಈ ಮೂರು ತಿಂಗಳಲ್ಲಿ ಏನಾಯಿತು ಎಂಬುದನ್ನು ‘ಹುಡುಗರ ಸಿಟ್ಟು’ ಎಂದು ಬದಿಗಿಟ್ಟುಬಿಡುವುದು ಸುಲಭ. ಆ ದಿನಗಳ ಅಭಿಪ್ರಾಯಗಳನ್ನು ಓದುತ್ತಾ ಹೋದರೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. ಕೂಗಾಟ ಇತ್ತು, ಬೈಗುಳವೂ ಇತ್ತು. ಅದರ ಅಡಿಯಲ್ಲಿ, ಈ ಆಟ ಯಾವುದರಿಂದ ಬದುಕುತ್ತದೆ ಎಂದು ಬಲ್ಲವರ ತಿಳಿವಳಿಕೆಯ ವಿಮರ್ಶೆಯಿತ್ತು. ಅದನ್ನು ಗಂಭೀರವಾಗಿ ಓದಬೇಕೆಂಬುದು ನನ್ನ ಹಟ.

ಮೊದಲು ಆಟದ ಪರಿಚಯ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿರುವ ಡೈಸ್ ಎಂಬ ಸ್ಟುಡಿಯೊ 2002ರಲ್ಲಿ ‘ಬ್ಯಾಟಲ್‌ಫೀಲ್ಡ್ 1942’ ತಂದಿತು. ಪ್ರಕಾಶಕರು ಅಮೆರಿಕದ ಇಎ ಕಂಪನಿ. ವಿಶಾಲ ಬಯಲು, ಟ್ಯಾಂಕ್, ವಿಮಾನ, ಹತ್ತಾರು ಆಟಗಾರರ ಎರಡು ಪಡೆ, ಹಿಡಿದು ಉಳಿಸಿಕೊಳ್ಳಬೇಕಾದ ಬಾವುಟದ ಜಾಗಗಳು: ಅಂದಿನಿಂದಲೂ ಇದೇ ಅದರ ಚೌಕಟ್ಟು. 2042ರ ಆವೃತ್ತಿ ನಾಳೆಯ ಜಗತ್ತಿನದು. ಹವಾಮಾನ ಕೆಟ್ಟು ದೇಶಗಳು ಕುಸಿದಿವೆ. ನೆಲೆ ಕಳೆದುಕೊಂಡ ಜನ ‘ನೋ-ಪ್ಯಾಟ್’ ಎಂಬ ಹೆಸರಿನಲ್ಲಿ ಅಲೆಯುತ್ತಿದ್ದಾರೆ. ಉಳಿದ ಸಂಪತ್ತಿಗಾಗಿ ಅಮೆರಿಕ ಮತ್ತು ರಷ್ಯಾ ಹೊಡೆದಾಡುತ್ತಿವೆ. ಹೊಸ ಕನ್ಸೋಲ್ ಮತ್ತು ಪಿಸಿಗಳಲ್ಲಿ ಒಂದೇ ಪಂದ್ಯಕ್ಕೆ 128 ಜನ, ಹಿಂದಿನದಕ್ಕಿಂತ ಇಮ್ಮಡಿ. ರೋಬಾಟ್ ನಾಯಿ, ಹಾರುವ ಸೂಟು, ಕಟ್ಟಡಗಳ ನಡುವೆ ನುಗ್ಗಿಬರುವ ಸುಂಟರಗಾಳಿ ಎಲ್ಲವೂ ಇದ್ದವು.

ಇಲ್ಲದ್ದು ಏನು ಎಂದರೆ, ಕ್ಲಾಸ್‌ಗಳು. ಆಟಗಾರರ ಎಲ್ಲ ದೂರುಗಳ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಹಿಂದಿನ ಹಲವು ಬ್ಯಾಟಲ್‌ಫೀಲ್ಡ್‌ಗಳಲ್ಲಿ ಸೈನಿಕ ನಾಲ್ಕು ಬಗೆಯವನು, ಒಂದೊಂದು ಬಗೆಯೂ ಒಂದು ಕ್ಲಾಸ್. ಒಬ್ಬ ಮುನ್ನುಗ್ಗುವವನು. ಒಬ್ಬ ಗಾಯಾಳುವನ್ನು ಎಬ್ಬಿಸುವ ಮೆಡಿಕ್. ಒಬ್ಬ ಟ್ಯಾಂಕ್ ರಿಪೇರಿ ಮಾಡುವ ಎಂಜಿನಿಯರ್, ಶತ್ರುವಿನ ಟ್ಯಾಂಕ್ ಒಡೆಯುವವನೂ ಅವನೇ. ಇನ್ನೊಬ್ಬ ದೂರದಿಂದ ನೋಡಿ ಗುರುತು ಹಾಕುವವನು. ವಿವರಗಳು ಆಟದಿಂದ ಆಟಕ್ಕೆ ಅಷ್ಟಿಷ್ಟು ಬದಲಾದರೂ ತತ್ವ ಒಂದೇ: ಒಬ್ಬನಿಗೂ ಎಲ್ಲ ಬರುವುದಿಲ್ಲ. ಟ್ಯಾಂಕ್ ಬಂತೆಂದರೆ ಮೆಡಿಕ್ ಕೈಲಾಗದವನು, ಎಂಜಿನಿಯರ್‌ನನ್ನು ಕರೆಯಲೇಬೇಕು. ಎಂಜಿನಿಯರ್‌ಗೆ ಗುಂಡು ಮುಗಿದರೆ ಗುಂಡಿನ ಪೆಟ್ಟಿಗೆ ಎಸೆಯುವವನು ಬೇಕು. ಹೆಸರೂ ಮುಖವೂ ಗೊತ್ತಿಲ್ಲದ, ಬ್ರೆಜಿಲ್‌ನಲ್ಲೋ ಪೋಲೆಂಡ್‌ನಲ್ಲೋ ಕುಳಿತ ಒಬ್ಬಾತ ಹೊಗೆಬಾಂಬ್ ಎಸೆದು, ಗುಂಡಿನ ಸುರಿಮಳೆಯಲ್ಲಿ ಓಡಿಬಂದು ನಿಮ್ಮನ್ನು ಎಬ್ಬಿಸಿ ಮುಂದೆ ಹೋಗುತ್ತಾನೆ. ಒಂದು ಥ್ಯಾಂಕ್ಸ್ ಹೇಳುವಷ್ಟೂ ಪುರುಸೊತ್ತಿರುವುದಿಲ್ಲ. ಈ ಆಟವನ್ನು ವರ್ಷಗಟ್ಟಲೆ ಆಡಿದವರು ನೆನೆಯುವುದು ಕೊಂದ ಲೆಕ್ಕವನ್ನಲ್ಲ, ಇಂಥ ಕ್ಷಣಗಳನ್ನು.

2042ರಲ್ಲಿ ಇದರ ಜಾಗಕ್ಕೆ ‘ಸ್ಪೆಷಲಿಸ್ಟ್’ಗಳು ಬಂದರು. ಹೆಸರು, ಮುಖ, ಹಿನ್ನೆಲೆ ಇರುವ, ಒಂದೊಂದು ವಿಶೇಷ ಶಕ್ತಿಯುಳ್ಳ ಪಾತ್ರಗಳು. ಯಾರು ಯಾವ ಗನ್ ಬೇಕಾದರೂ ಹಿಡಿಯಬಹುದು, ಯಾವ ಸಲಕರಣೆ ಬೇಕಾದರೂ ಒಯ್ಯಬಹುದು. ಕಾಗದದ ಮೇಲೆ ಇದು ಸ್ವಾತಂತ್ರ್ಯ. ಆಡಲಿಕ್ಕೆ ಕೂತರೆ, ಎಲ್ಲರ ಕೈಯಲ್ಲೂ ಅದೇ ಒಳ್ಳೆಯ ಗನ್, ಎಲ್ಲರ ಬೆನ್ನಿಗೂ ತನಗೆ ಮಾತ್ರ ಬೇಕಾದ ಸಾಮಾನು. ಕಬಡ್ಡಿಯಲ್ಲಿ ಏಳಕ್ಕೆ ಏಳೂ ಜನ ರೈಡರ್‌ಗಳೇ ಆದರೆ ಹಿಡಿಯುವವರು ಯಾರು? ತಮ್ಮ ಸ್ಕ್ವಾಡ್‌ನ, ಅಂದರೆ ಪಡೆಯೊಳಗಿನ ಸಣ್ಣ ಗುಂಪಿನವರನ್ನು ಯಾರು ಬೇಕಾದರೂ ಎಬ್ಬಿಸಬಹುದಿತ್ತು. ಎಬ್ಬಿಸುವುದು ನನ್ನ ಕೆಲಸ ಎಂದುಕೊಂಡವರು ಇರಲಿಲ್ಲ. ಬಿದ್ದವನ ಪಕ್ಕದಿಂದಲೇ ಜೊತೆಗಾರ ಓಡಿಹೋಗುವುದು, ಬಿದ್ದವನು ಕಾದು ಕಾದು ಕೊನೆಗೆ ಕೈಬಿಡುವುದು, ಇದೇ ದೂರು ಎಲ್ಲೆಡೆ ಕೇಳಿಬಂತು.

ಎರಡೂ ಪಡೆಗಳಲ್ಲಿ ಅದೇ ಹತ್ತು ಮುಖಗಳು ಎಂಬುದು ಮತ್ತೊಂದು ದೂರು. ಎದುರಿಗೆ ಬಂದವನು ನಮ್ಮವನೋ ಶತ್ರುವೋ ಎಂಬುದು ತಲೆಯ ಮೇಲಿನ ಬಣ್ಣದ ಗುರುತಿನಿಂದಲೇ ತಿಳಿಯಬೇಕು, ಸಮವಸ್ತ್ರದಿಂದಲ್ಲ. ಪಂದ್ಯ ಮುಗಿದಾಗ ಈ ಪಾತ್ರಗಳು ಪರದೆಯ ಮೇಲೆ ಸಾಲಾಗಿ ನಿಂತು ಚಟಾಕಿ ಹಾರಿಸುತ್ತಿದ್ದವು. ದೇಶವೇ ಇಲ್ಲದವರ, ನೆಲ ಸತ್ತ ಜಗತ್ತಿನ ಕಥೆಯೆಂದು ಹೇಳಿ ಹೀಗೆ ನಗಿಸುವುದು ಆಟಗಾರರಿಗೆ ಸಹಿಸಲಾಗಲಿಲ್ಲ. ಬಿಡುಗಡೆಗೆ ಮುಂಚೆ ಅದೇ ಕಥೆಯ ಮೇಲೆ ‘ಎಕ್ಸೋಡಸ್’ ಎಂಬ ಕಿರುಚಿತ್ರ ಬಂದಿತ್ತು. ಮೈಕೆಲ್ ಕೆ. ವಿಲಿಯಮ್ಸ್ ಎಂಬ ದೊಡ್ಡ ನಟ ಅದರಲ್ಲಿ ಐರಿಶ್ ಎಂಬ ಸೈನಿಕನಾಗಿದ್ದರು. ಅದು ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡರು. ಆ ಕಿರುಚಿತ್ರದ ಭಾರ ಆಟದೊಳಕ್ಕೆ ಬರಲೇ ಇಲ್ಲ, ಏಕೆಂದರೆ ಒಬ್ಬನೇ ಕೂತು ಆಡುವ ಕಥಾಭಾಗವೇ ಇದರಲ್ಲಿಲ್ಲ. ಚಟಾಕಿಗಳ ಮೇಲಿನ ದೂರು ನ್ಯಾಯವಾದದ್ದೇ. ಅಂಥ ಹಲವು ಮಾತುಗಳನ್ನು ಆಮೇಲೆ ತೆಗೆದೂ ಹಾಕಿದರು.

ಇನ್ನು ಮ್ಯಾಪ್‌ಗಳು. ಇಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ.

ಆಟದ ಏಳು ಹೊಸ ರಣರಂಗಗಳಲ್ಲಿ ಒಂದು ಭಾರತದ್ದು: ಗುಜರಾತ್‌ನ ಭಾವನಗರ ಜಿಲ್ಲೆಯ ಅಲಂಗ್. ಖಂಭಾತ್ ಕೊಲ್ಲಿಯ ಈ ತೀರದಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಾರೆ. ಅಲ್ಲಿನ ಉಬ್ಬರ ತುಂಬ ಎತ್ತರದ್ದು. ಉಬ್ಬರದ ನೀರಿನ ಮೇಲೆ ಹಡಗನ್ನು ದಡಕ್ಕೆ ನುಗ್ಗಿಸುತ್ತಾರೆ, ಇಳಿತಕ್ಕೆ ನೀರು ಹಿಂದೆ ಸರಿದಾಗ ಕೆಸರಲ್ಲಿ ಕೂತ ಆ ಉಕ್ಕಿನ ಬೆಟ್ಟವನ್ನು ಗ್ಯಾಸ್ ಕಟರ್ ಹಿಡಿದ ಕಾರ್ಮಿಕರು ತುಂಡು ತುಂಡು ಮಾಡುತ್ತಾರೆ. ಬಹಳಷ್ಟು ಮಂದಿ ಒಡಿಶಾ, ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್‌ಗಳಿಂದ ಬಂದವರು. ಆಟದ ಅಲಂಗ್‌ನಲ್ಲಿ ಅವರಿಲ್ಲ. ಹೊಟ್ಟೆ ಬಗೆದ ಬೃಹತ್ ಹಡಗುಗಳಿವೆ, ತುಕ್ಕಿನ ಬಣ್ಣವಿದೆ, ಕೆಸರಿದೆ, ಹಡಗಿನ ಪಕ್ಕೆಲುಬುಗಳ ನಡುವೆ ತೂರಿಬರುವ ಬೆಳಕಿದೆ. ಆ ಹಡಗಿನೊಳಗಿನ ಕಾದಾಟ ಚೆನ್ನಾಗಿದೆ ಎಂದವರೂ ಇದ್ದರು. ಅಲ್ಲಿಂದ ಮುಂದಿನ ಬಾವುಟಕ್ಕೆ ಹೋಗುವುದೇ ಪಾಡು. ಗಾಡಿ ಸಿಗದಿದ್ದರೆ ಬಟಾಬಯಲಲ್ಲಿ ಓಟ. ಮರೆಗೆ ಒಂದು ಗೋಡೆಯಿಲ್ಲ, ಗುಂಡಿಯಿಲ್ಲ. ಅರ್ಧದಾರಿಗೆ ಎಲ್ಲಿಂದಲೋ ಬಂದ ಗುಂಡಿಗೆ ಬಿದ್ದು, ಮತ್ತೆ ಮೊದಲಿನಿಂದ ಓಟ. ಆಟಗಾರರು ಇದನ್ನು ‘ವಾಕಿಂಗ್ ಸಿಮ್ಯುಲೇಟರ್’ ಎಂದು ಕರೆದರು. ಕೊರಿಯಾದ ಸಾಂಗ್ಡೊ, ಕತಾರ್‌ನ ದೋಹಾ, ಈಜಿಪ್ಟ್‌ನ ಮರುಭೂಮಿ, ಎಲ್ಲ ಮ್ಯಾಪ್‌ಗಳಿಗೂ ಇದೇ ಮಾತು ಅನ್ವಯಿಸಿತು. ಸಿಂಗಪುರದ ಕಂಟೇನರ್ ಬಂದರಿನ ಮ್ಯಾಪ್ ಮಾತ್ರ ಪರವಾಗಿಲ್ಲ ಎನಿಸಿಕೊಂಡಿತು. ಕಂಟೇನರ್‌ಗಳ ಸಂದುಗೊಂದುಗಳಲ್ಲಿ ಅಡಗಲು ಜಾಗವಿತ್ತಲ್ಲ. 128 ಜನರಿಗೆಂದು ನೆಲವನ್ನು ಹಿಗ್ಗಿಸಿದರು, ಹಿಗ್ಗಿಸಿದ ನೆಲದಲ್ಲಿ ಏನಿರಬೇಕೆಂದು ಯೋಚಿಸಲಿಲ್ಲ ಎಂಬುದು ಆಟಗಾರರ ತೀರ್ಪು. ನನಗೆ ಅದರಲ್ಲಿ ತಿದ್ದುವಂಥದ್ದು ಕಾಣುವುದಿಲ್ಲ.

ಸಣ್ಣ ದೂರುಗಳು ನೂರಾರು. ಗಗನಚುಂಬಿ ಕಟ್ಟಡದ ಗೋಡೆಯನ್ನು ನೆಟ್ಟಗೆ ಹತ್ತಿಹೋಗುವ ಹೋವರ್‌ಕ್ರಾಫ್ಟ್‌ನ ವಿಡಿಯೊಗಳು ಎಲ್ಲೆಡೆ ಹರಿದಾಡಿದವು. ಗುರಿಯಿಟ್ಟು ಹೊಡೆದರೂ ಗುಂಡು ಚದುರುತ್ತದೆ ಎಂಬ ಗೊಣಗಾಟವಿತ್ತು. ಇವನ್ನೆಲ್ಲ ಪ್ಯಾಚ್ ಹಾಕಿ ಸರಿಮಾಡಬಹುದು, ಮಾಡಿದರು ಕೂಡ. ಆದರೆ ಮಾಮೂಲಿ ಸ್ಕೋರ್‌ಬೋರ್ಡ್ ಇಲ್ಲದೆ, ಆಟದೊಳಗೆ ಒಬ್ಬರಿಗೊಬ್ಬರು ಮಾತಾಡುವ ವಾಯ್ಸ್ ಚಾಟ್ ಇಲ್ಲದೆ ಬಂದಿತ್ತು ಈ ತಂಡದ ಆಟ. ವಾಯ್ಸ್ ಚಾಟ್ ಬಂದದ್ದು 2022ರ ಏಪ್ರಿಲ್‌ನಲ್ಲಿ, ಐದು ತಿಂಗಳು ಕಳೆದ ಮೇಲೆ. ಸಹಾಯ ಬೇಕೆಂದು ಕೂಗಿ ಹೇಳಲಿಕ್ಕೂ ದಾರಿಯಿಲ್ಲ ಎಂದಾಗ ಕ್ಲಾಸ್‌ಗಳಿಲ್ಲದ ನೋವು ಇಮ್ಮಡಿಯಾಯಿತು.

ಹೇಳದೆ ಬಂದ ವಿಪತ್ತೇನೂ ಇದಲ್ಲ. 2021ರ ಅಕ್ಟೋಬರ್‌ನಲ್ಲಿ ನಡೆದ, ಬಿಡುಗಡೆಗೆ ಮುಂಚಿನ ಬೀಟಾ ಪರೀಕ್ಷೆಯಲ್ಲೇ ಆಟಗಾರರು ಸ್ಪೆಷಲಿಸ್ಟ್‌ಗಳ ಬಗ್ಗೆ, ಗುರುತು ಸಿಗದ ಮುಖಗಳ ಬಗ್ಗೆ ಹೇಳಿದ್ದರು. ಬೀಟಾದಲ್ಲಿರುವುದು ಕೆಲವು ತಿಂಗಳು ಹಳೆಯ ಆವೃತ್ತಿ, ಆಟ ಆಗಲೇ ಮುಂದೆ ಹೋಗಿದೆ ಎಂಬ ಉತ್ತರ ಸಿಕ್ಕಿತು. ಒಂದೂವರೆ ತಿಂಗಳಲ್ಲಿ ಒಂದು ಆಟದ ಅಸ್ಥಿವಾರ ಬದಲಿಸಲಾಗದು, ನಿಜ. ಬದಲಿಸಲಾಗದ ಹೊತ್ತಿನಲ್ಲಿ ಅಭಿಪ್ರಾಯ ಕೇಳುವುದು ಮಾತ್ರ ಆಟಗಾರರ ಸಮಯಕ್ಕೂ ಕೆಲಸಗಾರರ ಶ್ರಮಕ್ಕೂ ಅನ್ಯಾಯ. ಬಿಡುಗಡೆಯ ನಂತರ ಡೈಸ್‌ನ ಕೆಳಹಂತದ ನೌಕರರ ಮೇಲೂ ನಿಂದನೆ ಸುರಿಯಿತು. ಅವರು ಆಟದ ದಿಕ್ಕು ನಿರ್ಧರಿಸಿದವರಲ್ಲ. ನ್ಯಾಯವಾದ ದೂರಿನ ತೂಕವನ್ನು ಆ ಬೈಗುಳ ಕಡಿಮೆ ಮಾಡಿತು ಎಂಬ ಬೇಸರ ನನಗಿದೆ.

ಜನ ಮಾತಾಡಿ ಸುಮ್ಮನಾಗಲಿಲ್ಲ, ಎದ್ದು ಹೋದರು. ಪಿಸಿ ಆಟಗಳ ಆನ್‌ಲೈನ್ ಮಳಿಗೆ ಸ್ಟೀಮ್‌ನಲ್ಲಿ ಶುರುವಿನಲ್ಲಿ ಏಕಕಾಲಕ್ಕೆ ಒಂದು ಲಕ್ಷ ದಾಟಿದ್ದ ಆಟಗಾರರ ಸಂಖ್ಯೆ 2022ರ ಏಪ್ರಿಲ್‌ನಲ್ಲಿ ಸಾವಿರದ ಆಸುಪಾಸಿಗೆ ಇಳಿಯಿತು. ಅದೇ ವರ್ಷ ‘ಬ್ರೇಕ್‌ಥ್ರೂ’ ಎಂಬ ಪಂದ್ಯದ ಮಾದರಿಯಲ್ಲಿ 128 ಜನರ ಆಟವನ್ನು ಕೈಬಿಟ್ಟು 64ಕ್ಕೆ ಮರಳಿದರು. ಬಿಡುಗಡೆ ನಿರೀಕ್ಷೆ ಮುಟ್ಟಲಿಲ್ಲವೆಂದು ಇಎ ಹೂಡಿಕೆದಾರರ ಮುಂದೆ ಒಪ್ಪಿಕೊಂಡಿತು.

ಮುಂದಿನ ಭಾಗವನ್ನು ಬರೆಯುವಾಗ ಡೈಸ್‌ನ ತಂಡದ ಮೇಲೆ ನನಗೆ ಗೌರವ ಹುಟ್ಟುತ್ತದೆ. ಅವರು ಆಟವನ್ನು ಬಿಟ್ಟು ಓಡಲಿಲ್ಲ. ಮ್ಯಾಪ್‌ಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟಿದರು: ಬಯಲಲ್ಲಿ ಕಂದಕ ತೋಡಿದರು, ಗೋಡೆ ಎಬ್ಬಿಸಿದರು, ಬಾವುಟಗಳನ್ನು ಹತ್ತಿರ ತಂದರು. ಅಲಂಗ್‌ನ ತೀರಕ್ಕೂ ಮರೆ ಬಂತು. 2023ರ ಜನವರಿ ಕೊನೆಗೆ ಕ್ಲಾಸ್‌ಗಳು ಮರಳಿದವು. ಅಸಾಲ್ಟ್, ಎಂಜಿನಿಯರ್, ಸಪೋರ್ಟ್, ರೀಕಾನ್. ಸ್ಪೆಷಲಿಸ್ಟ್‌ಗಳನ್ನು ಈ ನಾಲ್ಕರೊಳಗೆ ಹಂಚಿ, ಸಲಕರಣೆಗಳನ್ನು ಕ್ಲಾಸಿಗೆ ಕಟ್ಟಿಹಾಕಿದರು. ರಾಕೆಟ್ ಲಾಂಚರ್ ಬೇಕೆಂದರೆ ಎಂಜಿನಿಯರ್ ಆಗು, ಔಷಧದ ಪೆಟ್ಟಿಗೆ ಬೇಕೆಂದರೆ ಸಪೋರ್ಟ್ ಆಗು. ಇಷ್ಟೇ ಬದಲಾವಣೆ. ಇದರಿಂದ ಜನರ ನಡತೆ ಬದಲಾಯಿತು ಎಂದು ಆಡಿದವರು ಬರೆದರು. ಬಿದ್ದವರನ್ನು ಎಬ್ಬಿಸಲು ಮತ್ತೆ ಜನ ಓಡಿಬರತೊಡಗಿದರು. ಮನುಷ್ಯರು ಅವರೇ, ನಿಯಮವಷ್ಟೇ ಬೇರೆ. ಆಟದ ವಿನ್ಯಾಸದ ಬಗ್ಗೆ ನನಗೆ ಇದಕ್ಕಿಂತ ಮುಖ್ಯವಾದ ಸಂಗತಿ ಕಾಣುವುದಿಲ್ಲ.

ಅಭಿಪ್ರಾಯವೂ ಮೆತ್ತಗಾಯಿತು. ಅಗ್ಗದ ದರಕ್ಕೆ, ಇಲ್ಲವೇ ಚಂದಾದೊಳಗೆ ಸಿಕ್ಕಿದ್ದಕ್ಕೆ ಹೊಸದಾಗಿ ಬಂದವರು, ‘ಇದಕ್ಕೆ ಅಷ್ಟೊಂದು ಬೈದದ್ದೇಕೆ?’ ಎಂದು ಕೇಳಿದರು. ಪಿಸಿಗೆ 60 ಡಾಲರ್, ಹೊಸ ಕನ್ಸೋಲ್‌ಗೆ 70 ಕೊಟ್ಟವರಿಗೆ, ಒಂದು ವಾರ ಮುಂಚಿತವಾಗಿ ಆಡಲು 100 ಡಾಲರ್‌ನ ಗೋಲ್ಡ್ ಆವೃತ್ತಿ ಕೊಂಡವರಿಗೆ ಆ ಪ್ರಶ್ನೆ ಚುಚ್ಚಿತು. ಇಬ್ಬರೂ ಸರಿ. ಒಂದೇ ಹೆಸರಿನ ಎರಡು ಬೇರೆ ಆಟಗಳನ್ನು ಅವರು ಆಡಿದ್ದರು, ಹಾಗಾಗಿ ಒಂದು ವಿಮರ್ಶೆಯನ್ನು ಓದುವಾಗ ಅದನ್ನು ಬರೆದ ತಿಂಗಳನ್ನೂ ನೋಡಬೇಕಾಗುತ್ತದೆ.

ನಾಳೆಯ ಯುದ್ಧ ಎಂಬ ಕಲ್ಪನೆಗೂ ಈ ನಡುವೆ ಪೆಟ್ಟು ಬಿತ್ತು. ಬಿಡುಗಡೆಯಾದ ಮೂರೇ ತಿಂಗಳಿಗೆ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಅಂಗಡಿಯಲ್ಲಿ ಸಿಗುವಂಥ ಪುಟ್ಟ ಡ್ರೋನ್‌ಗಳು ಕಂದಕದೊಳಗೆ ಗ್ರೆನೇಡ್ ಹಾಕುವ ದೃಶ್ಯಗಳನ್ನು ಜಗತ್ತು ಫೋನಿನಲ್ಲಿ ನೋಡಿತು. ಆಟದಲ್ಲಿ ಗಸ್ತು ಡ್ರೋನ್‌ಗೆ ಸ್ಫೋಟಕ ಅಂಟಿಸಿ ಹಾರಿಸುವುದು ಆಟಗಾರರ ಹಳೆಯ ಚಮತ್ಕಾರವಾಗಿತ್ತು. ಅದನ್ನು ಮೊದಲಿನ ಮನಸ್ಸಿನಿಂದ ನೋಡುವುದು ನನಗಂತೂ ಕಷ್ಟವಾಯಿತು.

2025ರ ಅಕ್ಟೋಬರ್ 10ಕ್ಕೆ ‘ಬ್ಯಾಟಲ್‌ಫೀಲ್ಡ್ 6’ ಬಂತು. ಇದೂ ಹತ್ತಿರದ ನಾಳೆಯದೇ: 2027, ಬಿರುಕುಬಿಟ್ಟ ನೇಟೊ, ಅದರ ಎದುರಿಗೆ ಪ್ಯಾಕ್ಸ್ ಅರ್ಮಾಟಾ ಎಂಬ ಖಾಸಗಿ ಸೇನೆ. ಈ ಸಲ ಅಭಿಪ್ರಾಯ ಕೇಳುವುದನ್ನು ಬೇಗ ಶುರುಮಾಡಿದ್ದರು. ಅದೇ ವರ್ಷದ ಆರಂಭದಲ್ಲಿ ‘ಬ್ಯಾಟಲ್‌ಫೀಲ್ಡ್ ಲ್ಯಾಬ್ಸ್’ ಎಂಬ ಹೆಸರಿನಲ್ಲಿ, ಅರೆಬೆಂದ ಸ್ಥಿತಿಯಲ್ಲೇ ಆಟವನ್ನು ಆಟಗಾರರ ಕೈಗೆ ಕೊಟ್ಟರು. ನಾಲ್ಕು ಕ್ಲಾಸ್, 64 ಜನ, ಒಬ್ಬನೇ ಆಡುವ ಕಥಾಭಾಗ, ಎಲ್ಲ ಮರಳಿದವು. ಬಿದ್ದ ಜೊತೆಗಾರನನ್ನು ತೋಳು ಹಿಡಿದು ಮರೆಗೆ ಎಳೆದುಕೊಂಡು ಹೋಗಿ ಎಬ್ಬಿಸಬಹುದಾದ ಹೊಸ ಅನುಕೂಲವನ್ನೂ ಸೇರಿಸಿದರು. ಮೊದಲ ಮೂರು ದಿನದಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು, ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಜನ ಆಡಿದರು.

ದೂರುಗಳು ನಿಂತವೆಂದಲ್ಲ. ಕಥಾಭಾಗ ಸಪ್ಪೆ ಎಂದರು. ಮ್ಯಾಪ್‌ಗಳು ಈ ಸಲ ತೀರ ಚಿಕ್ಕವು, ಉಸಿರಾಡಲು ಜಾಗವಿಲ್ಲ ಎಂದರು, ಅಂದು ಬಟಾಬಯಲಲ್ಲಿ ಓಡಿ ಸುಸ್ತಾದವರೇ. ಇನ್ನೊಂದು ಜಗಳ ಈ ಆಟದ ಬೀಟಾಕ್ಕೂ ಮುಂಚಿನಿಂದ ನಡೆದಿದೆ: ಸಲಕರಣೆಯಂತೆ ಗನ್‌ಗಳನ್ನೂ ಕ್ಲಾಸಿಗೆ ಕಟ್ಟಿಹಾಕಬೇಕೋ, ಯಾರು ಯಾವುದನ್ನಾದರೂ ಹಿಡಿಯಲಿ ಎಂದು ಬಿಡಬೇಕೋ? ತಯಾರಕರು ಬಿಡುಗಡೆಯ ಹೊತ್ತಿಗೆ ಎರಡೂ ಬಗೆಯ ಪಂದ್ಯಗಳನ್ನು ಇಟ್ಟರು. ಕಟ್ಟಿಹಾಕಬೇಕು ಎನ್ನುವವರ ಪಕ್ಷ ನನ್ನದು. ಸ್ನೈಪರ್ ಹಿಡಿದ ಮೆಡಿಕ್ ದೂರದ ಗುಡ್ಡದ ಮೇಲೆ ಮಲಗಿರುತ್ತಾನೆ, ಜೊತೆಯವರು ಬೀಳುವ ಜಾಗ ಅದಲ್ಲ.