ಸಿಂಗಪುರಕ್ಕೆ ಹೊರಡುವ ಮುನ್ನ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಇವೆರಡೂ ಅರಿವಿಗೆ ಬೇರೆ ಬೇರೆ ದಾರಿಗಳೆಂದು ಭಾವಿಸುವುದು ವಾಡಿಕೆ. ಆದರೆ ಹೊರನಾಡಿಗೆ ಮೊದಲ ಬಾರಿ ಹೊರಟವರ ಪಾಲಿಗೆ ಇವು ಒಂದೇ ದಾರಿಯ ಎರಡು ಹೆಜ್ಜೆಗಳು. ಓದದೆ ಹೋದವರು ನೋಡುವುದು ಬಹಳ, ತಿಳಿಯುವುದು ಅಲ್ಪ. ಸಿಂಗಪುರದಂಥ ನಗರದ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಸತ್ಯ. ಅಲ್ಲಿಯ ಮುಗಿಲೆತ್ತರದ ಕಟ್ಟಡಗಳು, ಥಳಥಳಿಸುವ ಅಂಗಡಿಬೀದಿಗಳು, ಇರುಳಿನ ದೀಪವೈಭವ ಯಾರ ಕಣ್ಣನ್ನಾದರೂ ಸೆಳೆಯುತ್ತವೆ. ಅವುಗಳನ್ನಷ್ಟೇ ನೋಡಿ, ನಾಲ್ಕಾರು ಚಿತ್ರ ತೆಗೆದುಕೊಂಡು, ಸಾಮಾನು ಕೊಂಡು ಮರಳುವವರು ಅನೇಕರು. ಕುಡಿಯುವ ನೀರಿಗೂ ನೆರೆಯವರ ಕಡೆ ನೋಡಬೇಕಾಗಿದ್ದ ಪುಟ್ಟ ದ್ವೀಪವೊಂದು ಈ ಸ್ಥಿತಿಗೆ ಬಂದುದು ಹೇಗೆ? ಅದಕ್ಕಾಗಿ ಅದು ತೆತ್ತ ಬೆಲೆ ಏನು? ಈ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿ ಕೊಂಡೊಯ್ದವರಿಗೆ ಅದೇ ನಗರ ಬೇರೆಯಾಗಿಯೇ ಕಾಣುತ್ತದೆ.

ಮೊದಲು ಭೂಪಟವನ್ನು ಬಿಡಿಸಿ ನೋಡುವುದೊಳಿತು. ಮಲಯ ಪರ್ಯಾಯದ್ವೀಪದ ದಕ್ಷಿಣ ತುದಿಯಲ್ಲಿ, ಭೂಮಧ್ಯರೇಖೆಯಿಂದ ಸುಮಾರು 137 ಕಿಲೋಮೀಟರು ಉತ್ತರಕ್ಕೆ ಸಿಂಗಪುರವಿದೆ. ಜೊಹೋರ್ ಜಲಸಂಧಿಯ ಆಚೆಗೆ ಮಲೇಷ್ಯ. ದಕ್ಷಿಣದ ಕಡಲಿನಾಚೆಗೆ ಇಂಡೋನೇಷ್ಯದ ದ್ವೀಪಗಳು. ಮುಖ್ಯ ದ್ವೀಪದ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ಸುಮಾರು 50 ಕಿಲೋಮೀಟರು ದೂರ. ಇಷ್ಟೇ ನೆಲದಲ್ಲಿ ಸುಮಾರು 60 ಲಕ್ಷ ಜನ ಬಾಳುತ್ತಿದ್ದಾರೆ. ಚಿನ್ನದ ಗಣಿಯಾಗಲಿ, ಎಣ್ಣೆಯ ಬಾವಿಯಾಗಲಿ, ದೊಡ್ಡ ನದಿಯಾಗಲಿ ಅಲ್ಲಿಲ್ಲ. ಪೂರ್ವ ಪಶ್ಚಿಮಗಳ ಹಡಗುದಾರಿ ಹಾದುಹೋಗುವ ತಾಣವೊಂದೇ ಪ್ರಕೃತಿ ಅದಕ್ಕಿತ್ತ ಸಂಪತ್ತು.

ಸಿಂಗಪುರ ಎಂಬ ಹೆಸರು ಸಂಸ್ಕೃತದ ಸಿಂಹಪುರದಿಂದ ಬಂದುದು. ಸಂಗ್ ನೀಲ ಉತಾಮ ಎಂಬ ರಾಜಕುಮಾರ ಈ ದ್ವೀಪದಲ್ಲಿ ಸಿಂಹದಂಥ ಪ್ರಾಣಿಯನ್ನು ಕಂಡು ಊರಿಗೆ ಆ ಹೆಸರಿಟ್ಟನೆಂದು ಮಲಯ ಪುರಾಣಕಥೆ ಹೇಳುತ್ತದೆ. 1819ರಲ್ಲಿ ಸ್ಟಾಂಫರ್ಡ್ ರಾಫಲ್ಸ್ ಇಲ್ಲಿ ಬಂದಿಳಿದು ಈಸ್ಟ್ ಇಂಡಿಯಾ ಕಂಪೆನಿಗಾಗಿ ವ್ಯಾಪಾರಕೇಂದ್ರವೊಂದನ್ನು ಸ್ಥಾಪಿಸಿದನು. 1867ರವರೆಗೂ ದ್ವೀಪದ ಆಡಳಿತ ಭಾರತದ ಬ್ರಿಟಿಷ್ ಸರಕಾರಕ್ಕೆ ಅಧೀನವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಜಪಾನೀಯರು ಅದನ್ನು ಆಳಿದರು. 1959ರಲ್ಲಿ ಸ್ವಯಮಾಡಳಿತ ದೊರೆಯಿತು. 1963ರಲ್ಲಿ ಸಿಂಗಪುರ ಮಲೇಷ್ಯದೊಡನೆ ಒಂದಾಯಿತು. ಆದರೆ ಎರಡು ವರ್ಷಗಳೊಳಗೇ ಆ ಬಂಧ ಮುರಿದು, 1965ರ ಆಗಸ್ಟ್ 9ರಂದು ಅದು ಒಂಟಿಯಾಗಿ ನಿಂತಿತು. ಅಂದು ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ಈ ಸುದ್ದಿಯನ್ನು ತಿಳಿಸುವಾಗ ಕಣ್ಣೀರು ತಡೆಯಲಾರದೆ ಹೋದುದು ಪ್ರಸಿದ್ಧ ಸಂಗತಿ. ಅನೇಕ ದೇಶಗಳು ಹೋರಾಡಿ ಪಡೆದ ಸ್ವಾತಂತ್ರ್ಯ ಈ ದ್ವೀಪಕ್ಕೆ ಆತಂಕವಾಗಿ ಬಂದಿತು.

ಇನ್ನು ಪ್ರಯಾಣದ ಸಿದ್ಧತೆ. ಪಾಸ್‌ಪೋರ್ಟು ಕನಿಷ್ಠ ಆರು ತಿಂಗಳ ಅವಧಿಯುಳ್ಳದ್ದಾಗಿರಬೇಕು. ಭಾರತೀಯರು ವೀಸಾವನ್ನು ಮುಂಚಿತವಾಗಿಯೇ ಪಡೆಯಬೇಕು. ತಲಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಆಗಮನಪತ್ರವನ್ನು ತುಂಬಿ ಕಳುಹಿಸಬೇಕು, ಇದಕ್ಕೆ ಶುಲ್ಕವಿಲ್ಲ. ಬೆಂಗಳೂರಿನಿಂದ ನೇರವಾಗಿ ಹಾರುವ ವಿಮಾನಕ್ಕೆ ಸುಮಾರು ನಾಲ್ಕೂವರೆ ಗಂಟೆಗಳ ದಾರಿ. ಇಳಿದ ಕೂಡಲೇ ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು. ಅಲ್ಲಿ ಚಳಿಗಾಲವೆಂಬುದಿಲ್ಲ, ವರ್ಷವಿಡೀ ಸೆಕೆ ಹಾಗೂ ಮಳೆ. ನವೆಂಬರಿನಿಂದ ಜನವರಿಯವರೆಗೆ ಮಳೆ ಇನ್ನೂ ಹೆಚ್ಚು. ಆದುದರಿಂದ ತೆಳುವಾದ ಹತ್ತಿಯ ಬಟ್ಟೆ, ಒಂದು ಕೊಡೆ, ನಡೆಯಲು ತಕ್ಕ ಪಾದರಕ್ಷೆ ಇವು ಅಗತ್ಯ. ನಗರದೊಳಗಿನ ಓಡಾಟಕ್ಕೆ 1987ರಲ್ಲಿ ಆರಂಭವಾದ ಮೆಟ್ರೊ ರೈಲುಗಳೂ ಬಸ್ಸುಗಳೂ ಸಾಕು.

ಕಾನೂನುಗಳನ್ನೂ ತಿಳಿದಿರಬೇಕು. ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ. ಕಟುವಾಸನೆಯ ದುರಿಯನ್ ಹಣ್ಣನ್ನು ಒಯ್ಯುವಂತೆಯೂ ಇಲ್ಲ. ಅಗಿಯುವ ಗಮ್ಮನ್ನು ದೇಶದೊಳಕ್ಕೆ ತರುವುದು 1992ರಿಂದ ನಿಷೇಧಕ್ಕೊಳಗಾಗಿದೆ. ಬೀದಿಯಲ್ಲಿ ಕಸ ಎಸೆದವರಿಗೆ ದಂಡ ತಪ್ಪಿದ್ದಲ್ಲ. ಮಾದಕವಸ್ತು ಸಾಗಿಸಿದವರಿಗೆ ಮರಣದಂಡನೆಯೂ ಆಗಬಹುದು. ಆದಕಾರಣ ಅಪರಿಚಿತರ ಗಂಟನ್ನು ಯಾರೂ ಹೊತ್ತೊಯ್ಯಬಾರದು.

ಐದು ದಿನಗಳ ಅವಕಾಶವಿದ್ದರೆ ದಿನಕ್ಕೊಂದು ವಿಷಯವನ್ನಿಟ್ಟುಕೊಂಡು ಸುತ್ತುವುದು ಮೇಲು. ನೆಲ, ನೀರು, ಮನೆ, ಜನ, ಹಸಿರು ಎಂಬ ಐದು ವಿಷಯಗಳಲ್ಲಿ ಈ ನಗರದ ಕಥೆಯೆಲ್ಲ ಅಡಗಿದೆ.

ಮೊದಲ ದಿನ ನೆಲಕ್ಕೆ ಮೀಸಲಾಗಲಿ. ಮ್ಯಾಕ್ಸ್‌ವೆಲ್ ರಸ್ತೆಯಲ್ಲಿರುವ ನಗರ ಪ್ರದರ್ಶನಾಲಯದಲ್ಲಿ ಇಡೀ ನಗರದ ಮಾದರಿಯನ್ನು ರಚಿಸಿಟ್ಟಿದ್ದಾರೆ. ಯಾವ ಜಾಗದಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ತೋಟ ಎಂಬುದನ್ನು ದಶಕಗಳಷ್ಟು ಮುಂಚಿತವಾಗಿ ಯೋಚಿಸುವ ಪರಿ ಅಲ್ಲಿ ಮನವರಿಕೆಯಾಗುತ್ತದೆ. ಅಲ್ಲಿಂದ ತೆಲೋಕ್ ಅಯರ್ ಬೀದಿಗೆ ನಡೆದುಹೋಗಬಹುದು. ಈ ಬೀದಿಯ ಥಿಯಾನ್ ಹೋಕ್ ಕೆಂಗ್ ದೇವಾಲಯ ಸಮುದ್ರದೇವಿಯದು. ಚೀನಾದಿಂದ ಕಡಲು ದಾಟಿ ಸುರಕ್ಷಿತವಾಗಿ ಬಂದವರು ದಡಕ್ಕಿಳಿದೊಡನೆ ಇಲ್ಲಿ ಕೈಮುಗಿಯುತ್ತಿದ್ದರು. ಇಂದು ಗುಡಿಯ ಮುಂದೆ ನಿಂತರೆ ಕಡಲು ಕಾಣುವುದಿಲ್ಲ. ಎತ್ತ ನೋಡಿದರೂ ಕಟ್ಟಡಗಳೇ. ಕಡಲತೀರದ ರಸ್ತೆ ಎಂಬರ್ಥದ ಬೀಚ್ ರೋಡಿಗೂ ಈಗ ಕಡಲು ದೂರವಾಗಿದೆ. ಕಡಲಿಗೆ ಮಣ್ಣು, ಮರಳು ತುಂಬಿ ನೆಲವನ್ನು ಹಿಗ್ಗಿಸಿದುದೇ ಇದಕ್ಕೆ ಕಾರಣ. ಸ್ವತಂತ್ರವಾದಾಗ ಸುಮಾರು 580 ಚದರ ಕಿಲೋಮೀಟರುಗಳಿದ್ದ ದೇಶ ಈಗ ಸುಮಾರು 735 ಚದರ ಕಿಲೋಮೀಟರುಗಳಷ್ಟಾಗಿದೆ. ಈ ಕೆಲಸಕ್ಕೆ ಬೇಕಾದ ಮರಳಿನ ಬಹುಪಾಲು ಹೊರದೇಶಗಳಿಂದ ಬಂದುದು. ತಮ್ಮ ನದಿಗಳೂ ತೀರಗಳೂ ಹಾಳಾಗುತ್ತವೆಂದು ನೆರೆಯ ದೇಶಗಳಲ್ಲಿ ಇದಕ್ಕೆ ವಿರೋಧವೂ ಎದ್ದಿತು.

ಎರಡನೆಯ ದಿನ ನೀರಿನದು. 1942ರ ಜನವರಿಯ ಕೊನೆಯಲ್ಲಿ ಬ್ರಿಟಿಷ್ ಪಡೆಗಳು ಮಲಯದಿಂದ ದ್ವೀಪಕ್ಕೆ ಹಿಂದೆಗೆದು, ಶತ್ರು ಬಾರದಿರಲೆಂದು ಜಲಸಂಧಿಯ ಸೇತುದಾರಿಯನ್ನು ಸಿಡಿಸಿದವು. ಜೊಹೋರಿನಿಂದ ನೀರು ತರುತ್ತಿದ್ದ ಕೊಳವೆಯೂ ಅದರೊಡನೆ ತುಂಡಾಯಿತು. ಎರಡು ವಾರಗಳ ಮೇಲೆ ಜಲಾಶಯಗಳು ಜಪಾನೀಯರ ಕೈಸೇರಿ, ಬಾಂಬಿನ ದಾಳಿಗೆ ಊರೊಳಗಿನ ಕೊಳವೆಗಳು ಒಡೆದುಹೋದವು. ಫೆಬ್ರವರಿ 15ರಂದು ಬ್ರಿಟಿಷ್ ಸೇನೆ ಶರಣಾಗಲು ನೀರಿನ ಈ ಕೊರತೆಯೂ ಮುಖ್ಯ ಕಾರಣವಾಯಿತು. ಈ ನೆನಪನ್ನು ನಗರ ಮರೆಯಲಿಲ್ಲ. ಜೊಹೋರಿನ ನೀರಿಗಾಗಿ 1962ರಲ್ಲಿ ಆದ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವರ ಹಂಬಲ.

ಅದಕ್ಕಾಗಿ ಅವರು ಹಿಡಿದ ದಾರಿಗಳು ಮೂರು. ಮೊದಲನೆಯದು ಮಳೆಯ ಸಂಗ್ರಹ. ದ್ವೀಪದ ಮೂರರಲ್ಲಿ ಎರಡು ಪಾಲು ನೆಲದ ಮೇಲೆ ಬಿದ್ದ ಮಳೆನೀರು ಕಾಲುವೆಗಳ ಮೂಲಕ ಹದಿನೇಳು ಜಲಾಶಯಗಳನ್ನು ಸೇರುತ್ತದೆ. ಎರಡನೆಯದು ಬಳಸಿದ ನೀರಿನ ಮರುಶುದ್ಧಿ. 2003ರಿಂದ ಅದನ್ನು ನ್ಯೂವಾಟರ್ ಎಂಬ ಹೆಸರಿನಲ್ಲಿ ಒದಗಿಸುತ್ತಿದ್ದಾರೆ. ಅದರಲ್ಲಿ ಹೆಚ್ಚಿನಂಶ ಕಾರ್ಖಾನೆಗಳಿಗೆ ಹೋಗುತ್ತದೆ. ಮಳೆ ಕಡಿಮೆಯಾದಾಗ ಒಂದಂಶವನ್ನು ಜಲಾಶಯಗಳಿಗೆ ಬೆರೆಸುತ್ತಾರೆ. ಮೂರನೆಯದು ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸುವುದು. ಇದು 2005ರಲ್ಲಿ ಆರಂಭವಾಯಿತು. ಪ್ರವಾಸಿಗರು ನೋಡಬೇಕಾದುದು ಮರೀನಾ ಬ್ಯಾರೇಜ್ ಎಂಬ ಅಣೆಕಟ್ಟು. 2008ರಲ್ಲಿ ಮುಗಿದ ಈ ಕಟ್ಟೆ ಕಡಲನ್ನು ಹೊರಗೆ ತಡೆದು, ನಗರದ ನಟ್ಟನಡುವೆ ಸಿಹಿನೀರಿನ ಜಲಾಶಯವನ್ನು ನಿರ್ಮಿಸಿದೆ. ಅದರ ಹುಲ್ಲುಹಾಸಿನ ಮಾಳಿಗೆಯ ಮೇಲೆ ಸಂಜೆ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಈ ಜಲಾಶಯಕ್ಕೆ ಹರಿದುಬರುವ ಸಿಂಗಪುರ ನದಿ ಒಂದು ಕಾಲಕ್ಕೆ ದುರ್ವಾಸನೆಯ ಕೊಚ್ಚೆಯಾಗಿತ್ತು. 1977ರಿಂದ 1987ರವರೆಗೆ ಹತ್ತು ವರ್ಷ ದುಡಿದು ಅದನ್ನು ಶುದ್ಧಗೊಳಿಸಿದರು. ಆಗ ಹಂದಿ ಸಾಕುವವರೂ ದೋಣಿಯವರೂ ಬೀದಿಬದಿಯ ವ್ಯಾಪಾರಿಗಳೂ ತಮ್ಮ ಹಳೆಯ ನೆಲೆಗಳನ್ನು ಬಿಡಬೇಕಾಯಿತು.

ಮೂರನೆಯ ದಿನ ಜನರ ಮನೆಗಳ ಕಡೆಗೆ ಹೋಗಬೇಕು. 1961ರ ಮೇ 25ರಂದು ಬುಕಿತ್ ಹೋ ಸ್ವೀ ಎಂಬಲ್ಲಿ ಹಲಗೆ, ಸೋಗೆಗಳ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 16,000 ಜನ ಒಂದೇ ದಿನದಲ್ಲಿ ನಿರ್ವಸಿತರಾದರು. ಆ ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ಗೃಹನಿರ್ಮಾಣ ಮಂಡಲಿ ಅವರಿಗಾಗಿ ತ್ವರೆಯಿಂದ ಬಹುಮಹಡಿಯ ಮನೆಗಳನ್ನು ಕಟ್ಟತೊಡಗಿತು. ಇಂದು ದೇಶದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಮಂದಿ ಈ ಮಂಡಲಿ ಕಟ್ಟಿದ ಮನೆಗಳಲ್ಲಿದ್ದಾರೆ. ಕಟ್ಟಡಗಳ ಕೆಳಗಿನ ಅಂತಸ್ತನ್ನು ಗೋಡೆಗಳಿಲ್ಲದೆ ತೆರವಾಗಿ ಬಿಟ್ಟಿರುತ್ತಾರೆ. ಮುದುಕರು ಚದುರಂಗವಾಡುವುದು, ಮಲಯರ ಮದುವೆಯೂಟ ನಡೆಯುವುದು, ಚೀನೀಯರು ಸತ್ತವರಿಗೆ ಅಂತಿಮ ನಮನ ಸಲ್ಲಿಸುವುದು ಎಲ್ಲವೂ ಅಲ್ಲಿಯೇ. ಒಂದೇ ಜನಾಂಗದವರು ಒಂದೆಡೆ ಕೂಡಿಕೊಳ್ಳಬಾರದೆಂದು ಪ್ರತಿ ಕಟ್ಟಡದಲ್ಲಿಯೂ ಪ್ರತಿ ಬಡಾವಣೆಯಲ್ಲಿಯೂ ಎಲ್ಲರಿಗೂ ಪಾಲು ಗೊತ್ತುಪಡಿಸುವ ನಿಯಮ 1989ರಲ್ಲಿ ಬಂದಿತು. ಹೀಗೆ ಮನೆಗಳೆದ್ದಂತೆ ಹಳೆಯ ಹಳ್ಳಿಗಳು ಮಾಯವಾದವು. ಬಿದಾದರಿ ಎಂಬ ಹಳೆಯ ಸ್ಮಶಾನದ ಸಮಾಧಿಗಳನ್ನೂ ತೆರವುಗೊಳಿಸಿ ಅಲ್ಲಿ ಬಡಾವಣೆ ನಿರ್ಮಿಸಿದ್ದಾರೆ. ನೆಲ ಸಾಲದ ನಾಡಿನಲ್ಲಿ ಬದುಕಿರುವವರಿಗಾಗಿ ಸತ್ತವರೂ ಜಾಗ ಬಿಟ್ಟುಕೊಡಬೇಕಾಯಿತು.

ಇಂಥ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಚಾವಡಿಯೊಂದು ಇರುತ್ತದೆ. ಬೀದಿಯಲ್ಲಿ ಗಾಡಿಯಿಟ್ಟು ಮಾರುತ್ತಿದ್ದವರನ್ನೆಲ್ಲ ನೀರು, ಚರಂಡಿಗಳ ವ್ಯವಸ್ಥೆಯುಳ್ಳ ಸೂರಿನಡಿ ತಂದುದರಿಂದ ಇವು ಹುಟ್ಟಿದವು. ಈ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆತಿದೆ. ಕಡಿಮೆ ಹಣದಲ್ಲಿ ಹೊಟ್ಟೆ ತುಂಬಬೇಕೆನ್ನುವ ಪ್ರವಾಸಿಗರಿಗೆ ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದು ಇದ್ದರೆ ಆ ಜಾಗವನ್ನು ಯಾರೋ ಹಿಡಿದಿದ್ದಾರೆಂದರ್ಥ. ಬಸ್ಸಿನ ಸೀಟಿಗೆ ಟವೆಲು ಹಾಕಿದಂತೆ! ಉಂಡ ಬಳಿಕ ತಟ್ಟೆಯನ್ನು ತಾವೇ ಒಯ್ದಿಡಬೇಕು.

ನಾಲ್ಕನೆಯ ದಿನ ಜನರನ್ನು ಅರಿಯುವುದು. ಚೀನೀಯರು, ಮಲಯರು, ಭಾರತೀಯರು ಇಲ್ಲಿಯ ಮುಖ್ಯ ಜನವರ್ಗಗಳು. ಮಲಯ್, ಚೀನೀ, ತಮಿಳು, ಇಂಗ್ಲಿಷ್ ನಾಲ್ಕೂ ಅಧಿಕೃತ ಭಾಷೆಗಳು. ಚೀನೀಯರೇ ಬಹುಸಂಖ್ಯಾತರಾದರೂ ರಾಷ್ಟ್ರಗೀತೆ ಮಲಯ್ ಭಾಷೆಯಲ್ಲಿದೆ. ಚೀನೀಯರ ಕೇರಿಯ ನಡುವೆ, ಸೌತ್ ಬ್ರಿಜ್ ರಸ್ತೆಯಲ್ಲಿ, 1827ರಲ್ಲಿ ಸ್ಥಾಪಿತವಾದ ಮಾರಿಯಮ್ಮನ ಗುಡಿಯಿದೆ. ರಾಫಲ್ಸನೊಡನೆ ಬಂದ ನಾರಾಯಣ ಪಿಳ್ಳೆ ಅದನ್ನು ಕಟ್ಟಿಸಿದವನು. ಅದೇ ಬೀದಿಯಲ್ಲಿ, ಕೂಗಳತೆಯಲ್ಲಿಯೇ, ತಮಿಳು ಮುಸಲ್ಮಾನರ ಜಾಮೆ ಮಸೀದಿಯಿದೆ.

ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ರಸ್ತೆಗಳನ್ನೂ ಸೇಂಟ್ ಆಂಡ್ರ್ಯೂಸ್ ಚರ್ಚನ್ನೂ ಕಟ್ಟಿದರು. ಸುಭಾಷ್‌ಚಂದ್ರ ಬೋಸರು 1943ರ ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರಕಾರವನ್ನು ಘೋಷಿಸಿದುದು ಇದೇ ನಗರದಲ್ಲಿ. ಆಜಾದ್ ಹಿಂದ್ ಫೌಜಿನ ಹುತಾತ್ಮರಿಗಾಗಿ 1945ರಲ್ಲಿ ಎತ್ತಿದ ಸ್ಮಾರಕವನ್ನು ಮರಳಿ ಬಂದ ಬ್ರಿಟಿಷರು ಕೆಡವಿದರು. ಅದು ಇದ್ದ ಸ್ಥಳವನ್ನು ತಿಳಿಸುವ ಫಲಕವನ್ನು ಎಸ್‌ಪ್ಲನೇಡ್ ಉದ್ಯಾನದಲ್ಲಿ 1995ರಲ್ಲಿ ನಿಲ್ಲಿಸಿದ್ದಾರೆ. ಸಂಜೆ ಸೆರಂಗೂನ್ ರಸ್ತೆಗೆ ಹೋದರೆ ಮಲ್ಲಿಗೆಯ ಕಂಪು, ಹೋಟೆಲಿನ ದೋಸೆಯ ಪರಿಮಳ ಸ್ವಾಗತಿಸುತ್ತವೆ. ಭಾನುವಾರವಾದರೆ ಕಟ್ಟಡದ ಕೆಲಸಕ್ಕೆಂದು ತಮಿಳುನಾಡು, ಬಾಂಗ್ಲಾದೇಶಗಳಿಂದ ಬಂದ ಸಾವಿರಾರು ಕೂಲಿಗಾರರನ್ನು ಅಲ್ಲಿ ಕಾಣಬಹುದು. 2020ರಲ್ಲಿ ಕೋವಿಡ್ ರೋಗ ಹಬ್ಬಿದಾಗ ಅತ್ಯಧಿಕವಾಗಿ ತುತ್ತಾದವರು ಕಿಕ್ಕಿರಿದ ವಸತಿಗೃಹಗಳಲ್ಲಿದ್ದ ಇಂಥವರೇ. ಎತ್ತರದ ಕಟ್ಟಡಗಳನ್ನು ಮೆಚ್ಚುವವರು ಅವನ್ನೆತ್ತಿದ ಕೈಗಳನ್ನೂ ಗಮನಿಸಬೇಕು.

ಕೊನೆಯ ದಿನ ಹಸಿರಿನ ಸನ್ನಿಧಿ. 1859ರಲ್ಲಿ ಆರಂಭವಾದ ಸಸ್ಯೋದ್ಯಾನ 2015ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಮರಕ್ಕೆ ಹಾನಿಯಾಗದಂತೆ ರಬ್ಬರಿನ ಹಾಲು ಇಳಿಸುವ ಕ್ರಮವನ್ನು ಹೆನ್ರಿ ರಿಡ್ಲಿ ಎಂಬ ಸಸ್ಯವಿಜ್ಞಾನಿ ರೂಪಿಸಿದುದು ಇಲ್ಲಿಯೇ. ಸಮಯ ಉಳಿದರೆ ಚಾಂಗಿ ತುದಿಯಿಂದ ಪುಟ್ಟ ದೋಣಿಯಲ್ಲಿ ಪುಲಾವ್ ಊಬಿನ್ ದ್ವೀಪಕ್ಕೆ ಹೋಗಬಹುದು. ಮರದ ಮನೆಗಳು, ಮಣ್ಣಿನ ಹಾದಿ, ಕೋಳಿಗಳ ಕೂಗು ಅಲ್ಲಿ ಇನ್ನೂ ಉಳಿದಿವೆ. ಸಿಂಗಪುರ ಏನನ್ನು ಹಿಂದೆ ಬಿಟ್ಟು ಬಂದಿತೆಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಈ ನಗರವನ್ನು ಹೊಗಳುವವರಿದ್ದಾರೆ; ಅಲ್ಲಿಯ ಆಡಳಿತ ಬಿಗಿಯಾದುದು, ಸರಕಾರವನ್ನು ಎದುರಿಸಿ ಮಾತನಾಡಲು ಅವಕಾಶ ಕಡಿಮೆ ಎಂದು ಆಕ್ಷೇಪಿಸುವವರೂ ಇದ್ದಾರೆ. ಎರಡು ಮಾತುಗಳಿಗೂ ಆಧಾರವುಂಟು. ಐದು ದಿನಗಳಲ್ಲಿ ತೀರ್ಪು ಹೇಳುವುದು ಪ್ರವಾಸಿಗರ ಕೆಲಸವಲ್ಲ. ಗಳಿಸಿದುದನ್ನೂ ಕಳೆದುಕೊಂಡುದನ್ನೂ ಎರಡನ್ನೂ ನೋಡಿ ಬಂದರೆ ಸಾಕು. ಅಲ್ಲಿ ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು. ಮೊದಲ ದಿನ ಅದು ಬಾಯಾರಿಕೆಯನ್ನು ತಣಿಸುವ ಬರಿಯ ನೀರು. ಹೊರಡುವ ದಿನ ಅದೇ ಲೋಟವನ್ನು ಕೈಗೆತ್ತಿಕೊಂಡಾಗ ಒಡೆದ ಕೊಳವೆ, ಕೂಡಿಟ್ಟ ಮಳೆ, ತಿಳಿಗೊಂಡ ನದಿ, ನದಿಯ ದಡ ಬಿಟ್ಟುಹೋದ ಜನ ಇವೆಲ್ಲ ನೆನಪಿಗೆ ಬಂದರೆ, ಕೈಗೊಂಡ ಪ್ರವಾಸ ಸಾರ್ಥಕವಾಯಿತೆನ್ನಬೇಕು.