ನಾಳೆಗೂ ಉಳಿಯಬೇಕಾದ ಇಂದಿನ ಹಾಡುಗಳು ಯಾವುವು?

ಅರಕೇರಿ (ವಿಜಯಪುರ ಜಿಲ್ಲೆ): ಇಲ್ಲಿನ ಅಮೋಘಸಿದ್ಧನ ಸನ್ನಿಧಿಯಲ್ಲಿ ಡೊಳ್ಳಿನ ಪದ ಹಾಡುವ ಮೇಳದವರನ್ನು, ಈ ಪದವನ್ನು ಮೊಟ್ಟಮೊದಲು ಹಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಗುರುವಿನಿಂದ ಶಿಷ್ಯನಿಗೆ, ಒಂದು ಮೇಳದಿಂದ ಮತ್ತೊಂದಕ್ಕೆ ದಾಟುತ್ತ ಬಂದ ಪದಗಳವು. ಮುಂದೆ ನಿಂತವನು ಸಾಲನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಹಿಡಿಯುತ್ತಾರೆ. ಕಂಠ ಬದಲಾಗುತ್ತದೆ, ತಲೆಮಾರು ಬದಲಾಗುತ್ತದೆ, ಪದ ಮಾತ್ರ ಉಳಿಯುತ್ತದೆ.

ವಾರಕ್ಕೊಂದರಂತೆ ಬಿಡುಗಡೆಯಾಗುವ ಇಂದಿನ ಕನ್ನಡ ಗೀತೆಗಳ ಪೈಕಿ ಎಷ್ಟಕ್ಕೆ ಈ ಭಾಗ್ಯವಿದೆ? ಇದು ಕೇವಲ ರಸಿಕರ ಹರಟೆಯ ಪ್ರಶ್ನೆಯಲ್ಲ. ಮದುವೆ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವಗಳಲ್ಲಿ ಐವತ್ತು ವರ್ಷಗಳ ನಂತರ ಕನ್ನಡಿಗರು ಏನನ್ನು ಹಾಡುತ್ತಾರೆ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಅಮೆರಿಕನ್ನರು ಇಂಥ ಹಾಡುಗಳಿಗೆ 'ಸ್ಟ್ಯಾಂಡರ್ಡ್' ಎಂಬ ಹೆಸರಿಟ್ಟಿದ್ದಾರೆ. ಮೊದಲ ಗಾಯಕನ ಸೊತ್ತಾಗಿ ಉಳಿಯದೆ, ಯಾರು ಬೇಕಾದರೂ ತಮ್ಮ ರೀತಿಯಲ್ಲಿ ಹಾಡಬಲ್ಲ ಗೀತೆ ಎಂದು ಇದರ ಅರ್ಥ. ಜಾರ್ಜ್ ಗೆರ್ಷ್ವಿನ್ 1935ರ 'ಪೋರ್ಗಿ ಆ್ಯಂಡ್ ಬೆಸ್' ಗೀತನಾಟಕಕ್ಕಾಗಿ ರಚಿಸಿದ 'ಸಮ್ಮರ್‌ಟೈಮ್' ಇದಕ್ಕೆ ಹಳೆಯ ನಿದರ್ಶನ. ಎಲ್ಲಾ ಫಿಟ್ಜ್‌ಜೆರಾಲ್ಡ್ ಹಾಡಿದಾಗ ಅದು ಜಾಝ್, ಜಾನಿಸ್ ಜಾಪ್ಲಿನ್ ಹಾಡಿದಾಗ ರಾಕ್. ಹೊಸ ಕಾಲದ ಗೀತೆಗಳಲ್ಲಿ ಈ ಪದವಿಗೆ ನಿಸ್ಸಂಶಯವಾಗಿ ಅರ್ಹವಾದದ್ದು ಬಾಬ್ ಡಿಲನ್‌ರ 'ಮೇಕ್ ಯು ಫೀಲ್ ಮೈ ಲವ್'. 1997ರಲ್ಲಿ ಡಿಲನ್‌ಗಿಂತ ಮೊದಲೇ ಬಿಲ್ಲಿ ಜೋಯಲ್ ಅದನ್ನು ಹೊರತಂದರು. 2008ರಲ್ಲಿ ಇಂಗ್ಲೆಂಡಿನ ಅಡೆಲ್ ಹಾಡಿದ ಮೇಲೆ ಅನೇಕರು ಅದನ್ನು ಆಕೆಯ ಹಾಡೆಂದೇ ತಿಳಿದರು.

ಅಲ್ಲಿ ಕಾನೂನೂ ನೆರವಾಯಿತು. ಒಮ್ಮೆ ಧ್ವನಿಮುದ್ರಣಗೊಂಡ ಗೀತೆಯನ್ನು ನಿಗದಿತ ಶುಲ್ಕ ತೆತ್ತು ಇತರರೂ ಮುದ್ರಿಸಿಕೊಳ್ಳಲು 1909ರ ಕಾಯ್ದೆ ಅವಕಾಶ ನೀಡಿತು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯುವವರೆಗೆ ಈ ಶಾಸನಬದ್ಧ ಪರವಾನಗಿ ದೊರೆಯುವುದಿಲ್ಲ. ಗೀತೆಯ ಮೊದಲ ಕಾವು ಆರಿದ ಮೇಲೆಯೇ ಬೇರೆ ಕಂಠಕ್ಕೆ ಸರದಿ. ಆದರೆ ಗೀತರಚನೆಕಾರ ಮತ್ತು ಸಂಗೀತ ಸಂಯೋಜಕರ ಗೌರವಧನದ ಹಕ್ಕನ್ನು ಭದ್ರಪಡಿಸಿದ್ದೂ ಇದೇ ತಿದ್ದುಪಡಿ ಎಂಬುದನ್ನು ಮರೆಯುವಂತಿಲ್ಲ.

ಭಾವಗೀತೆ ತೋರಿದ ದಾರಿ

ಕನ್ನಡಕ್ಕೆ ಈ ಪರಂಪರೆ ಹೊಸತೇನಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪುಸ್ತಕವಾಗಿ ಬಂದ ಕವಿತೆಗಳ ಸಂಕಲನ. ಅದನ್ನು ಮನೆಮನೆಯ ಹಾಡಾಗಿಸಿದವರು ನಂತರದ ಗಾಯಕರು. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದಿತು. ಇಂದು ಅದನ್ನು ಹಾಡುವ ಶಾಲಾ ಮಕ್ಕಳಿಗೆ ಆ ಧ್ವನಿಸುರುಳಿಯ ಪರಿಚಯವೇ ಇರಲಿಕ್ಕಿಲ್ಲ, ಹಾಡು ಮಾತ್ರ ಬಾಯಿಪಾಠ. ಹತ್ತೊಂಬತ್ತನೇ ಶತಮಾನದ ಶಿಶುನಾಳ ಶರೀಫರ ಪದಗಳು ಸಿ. ಅಶ್ವತ್ಥ್ ಅವರ ರಾಗ ಸಂಯೋಜನೆಯಲ್ಲಿ, 1990ರ ನಾಗಾಭರಣರ ಚಿತ್ರದ ಮೂಲಕವೂ, ನಾಡಿನುದ್ದಕ್ಕೂ ಹಬ್ಬಿದ್ದು ಸರ್ವವಿದಿತ.

ಈ ಗೀತೆಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಒಂದು ಹಾರ್ಮೋನಿಯಂ ಇದ್ದರೆ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಸಾಲು ಸ್ವತಂತ್ರವಾಗಿ ನಿಲ್ಲುತ್ತದೆ, ಸಾಧಾರಣ ಕಂಠಕ್ಕೂ ಸ್ವರ ಎಟುಕುತ್ತದೆ. ಇಂದಿನ ಬಹುಪಾಲು ಚಿತ್ರಗೀತೆಗಳು ಸೋಲುವುದು ಇಲ್ಲಿಯೇ. ವಾದ್ಯಗಳ ಅಬ್ಬರ ತೆಗೆದರೆ ಒಳಗೆ ಉಳಿಯುವುದು ಎರಡು ಪ್ರಾಸ, ಒಂದು ತಾಳ. 'ಟ್ರ್ಯಾಕ್' ಹಾಕದೆ ವೇದಿಕೆಯಲ್ಲಿ ಹಾಡಲಾಗದ ಗೀತೆಗೆ ದೀರ್ಘಾಯುಷ್ಯ ಕಷ್ಟ.

ಹಾಗೆಂದು ಚಿತ್ರಗೀತೆಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. 'ಗಂಧದ ಗುಡಿ' (1973) ಚಿತ್ರದ 'ನಾವಾಡುವ ನುಡಿಯೇ', 'ಆಕಸ್ಮಿಕ' (1993) ಚಿತ್ರದ 'ಹುಟ್ಟಿದರೆ' ಗೀತೆಗಳು ಕಥೆಯಿಂದ ಕಳಚಿಕೊಂಡು ರಾಜ್ಯೋತ್ಸವದ ಗೀತೆಗಳೇ ಆಗಿಬಿಟ್ಟಿವೆ. ಅವುಗಳ ಸಾಲಿಗೆ ಸೇರಬೇಕಾದ ಹೊಸ ಹಾಡುಗಳೂ ಇವೆ.

ಮೊದಲನೆಯದು 'ಅಮೆರಿಕಾ ಅಮೆರಿಕಾ' ಚಿತ್ರದ 'ನೂರು ಜನ್ಮಕೂ'. ನಾಗತಿಹಳ್ಳಿ ಚಂದ್ರಶೇಖರ್ ಅವರ ಸಾಹಿತ್ಯಕ್ಕೆ ರಾಗ ಹಾಕಿದವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗ ಮನೋಮೂರ್ತಿ. ಅವರದೇ ಸಂಗೀತದಲ್ಲಿ, ಜಯಂತ ಕಾಯ್ಕಿಣಿಯವರ ಸಾಹಿತ್ಯದಲ್ಲಿ 2006ರ 'ಮುಂಗಾರು ಮಳೆ' ಚಿತ್ರಕ್ಕೆ ಸೋನು ನಿಗಮ್ ಹಾಡಿದ 'ಅನಿಸುತಿದೆ' ಎರಡನೆಯದು. ಎರಡೂ ನಿಧಾನಗತಿಯ ಗೀತೆಗಳು, ಮಾತಿಗೆ ಹತ್ತಿರವಾದವು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಮೊದಲನೆಯದಕ್ಕೇ ಮತ ಸಲ್ಲಬೇಕು. ಎರಡನೆಯದು ಇನ್ನೂ ಸೋನು ನಿಗಮ್ ಅವರ ಕಂಠಕ್ಕೆ ಅಂಟಿಕೊಂಡಿದೆ. ವೇದಿಕೆಯ ಗಾಯಕರು ಹಾಡನ್ನು ಬಿಟ್ಟು ಆ ಕಂಠವನ್ನೇ ಅನುಕರಿಸುತ್ತಾರೆ.

ಮೂರನೆಯದರ ಕಥೆಯೇ ಬೇರೆ. 2017ರ 'ರಾಜಕುಮಾರ' ಚಿತ್ರದ 'ಬೊಂಬೆ ಹೇಳುತೈತೆ' ಗೀತೆಯನ್ನು ಬರೆದವರು ನಿರ್ದೇಶಕ ಸಂತೋಷ್ ಆನಂದರಾಮ್, ಸಂಗೀತ ವಿ. ಹರಿಕೃಷ್ಣ, ಗಾಯನ ವಿಜಯ್ ಪ್ರಕಾಶ್. 1971ರ 'ಕಸ್ತೂರಿ ನಿವಾಸ' ಚಿತ್ರದ ಬೊಂಬೆಯ ಗೀತೆಯನ್ನು ನೆನಪಿಸುವ ಹಾಡು ಇದು. ಒಂದು ಪದಕ್ಕೆ ಇನ್ನೊಂದು ಪದ ಉತ್ತರವಾಗುವುದು ಡೊಳ್ಳಿನ ಮೇಳದವರಿಗೆ ಹೊಸದಲ್ಲ ಬಿಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ನಿಧನರಾದ ಮೇಲೆ ಅದರ ಅರ್ಥವೇ ಬದಲಾಯಿತು. ನಾಯಕನ ಗುಣಗಾನಕ್ಕೆಂದು ಹುಟ್ಟಿದ್ದು ಜನರ ಶೋಕಗೀತೆಯಾಯಿತು. ಬರೆದವರು ಊಹಿಸದ ಅರ್ಥವನ್ನು ಹೊರಬಲ್ಲ ಹಾಡು ಅಷ್ಟು ಬೇಗ ಸಾಯುವುದಿಲ್ಲ.

ಹಲಸಂಗಿಯ ನೆನಪು

ಉಳಿಯಬೇಕಾದ ಹಾಡನ್ನು ಗುರುತಿಸುವ ಕೆಲಸವನ್ನು ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ಬಹಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವಾಗಿ ಹೊರಬಂದವು. ಬೀಸುವ ಕಲ್ಲು ಮೂಲೆ ಸೇರಿತು. ಬರೆದಿಟ್ಟಿದ್ದರಿಂದ ಹಾಡು ಉಳಿಯಿತು.

ಈಗ ಆ ಕೆಲಸವನ್ನು ಒಂದು ಒಳ್ಳೆಯ ಕಂಠವೂ ಮಾಡಬಲ್ಲದು. ಮಲೆ ಮಹದೇಶ್ವರನ ಭಕ್ತರ ನಡುವೆ ಇದ್ದ 'ಸೋಜುಗಾದ ಸೂಜು ಮಲ್ಲಿಗೆ' ಅನನ್ಯಾ ಭಟ್ ಅವರ ಗಾಯನದಿಂದ, 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಿಂದ ನಗರದ ಕಾಲೇಜುಗಳಿಗೂ ತಲುಪಿತು. ಅಮೋಘಸಿದ್ಧನ ಪದಗಳಿಗೆ ರಾಜ್ಯದ ಉದ್ದಗಲಕ್ಕೆ ಅಂಥ ಪ್ರಸಿದ್ಧಿ ಇನ್ನೂ ಒದಗಿಲ್ಲ. ಅವು ಡೊಳ್ಳಿನ ಜತೆಗೆ, ಹಾಲುಮತದ ಮೇಳಗಳ ಬಾಯಲ್ಲಿ, ಜಾತ್ರೆಯ ರಾತ್ರಿಗಳಲ್ಲಿ ನಡೆದುಬಂದಿವೆ.