ತೂತು ಬಿದ್ದ ಹರಿವೆಗೆ ಸಂತೆಯಲ್ಲಿ ಗಿರಾಕಿ ಇಲ್ಲ!

ಶಿರಸಿ, ಸಿದ್ದಾಪುರ, ಯಲ್ಲಾಪುರ. ಮೂರೂ ಪೇಟೆಯ ಸಂತೆಯಲ್ಲಿ ಹರಿವೆ ಸೊಪ್ಪಿನ ಮುಂದೆ ನಡೆಯುವ ನಾಟಕ ಒಂದೇ. ಗಿರಾಕಿ ಬರುತ್ತಾರೆ, ಕಟ್ಟು ಎತ್ತುತ್ತಾರೆ, ಎಲೆ ತಿರುಗಿಸಿ ನೋಡುತ್ತಾರೆ. "ಬರೀ ತೂತು, ಬ್ಯಾಡ" ಅಂತ ಕೆಳಗಿಟ್ಟು ಪಕ್ಕದ ರಾಶಿಗೆ ಕೈ ಹಾಕುತ್ತಾರೆ. ಆ ರಾಶಿ ಫಳಫಳ ಹೊಳೆಯುತ್ತಿರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಹುಳು ಮುಟ್ಟದ ಹರಿವೆ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ.

ಎಲೆ ತಿನ್ನುವವರು

ನಾವು ಹರಿವೆ ಅನ್ನುವುದನ್ನೇ ಬಯಲುಸೀಮೆಯವರು ದಂಟು ಅಂತಾರೆ, ಹುಬ್ಬಳ್ಳಿ ಕಡೆ ರಾಜಗಿರಿ. ಹೆಸರು ಏನೇ ಇರಲಿ, ಹುಳುವಿಗೆ ಎಲ್ಲವೂ ಊಟವೇ.

ಮೊದಲನೆಯವನು ಎಲೆ ಸುತ್ತುವ ಹಸಿರು ಹುಳು. ಶಾಸ್ತ್ರದ ಹೆಸರು ಸ್ಪೊಲೇಡಿಯಾ ರಿಕರ್ವಾಲಿಸ್. ಬಿಳಿ ಪಟ್ಟಿಯ ಕಂದು ರೆಕ್ಕೆಯ ಸಣ್ಣ ಪತಂಗ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹುಳು ಎಲೆಗಳನ್ನು ನೂಲಿನಿಂದ ಮಡಚಿ, ಒಳಗೇ ಕೂತು ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ಉಳಿಯುವುದು ಬರೀ ನರ, ಜರಡಿ ಹಾಗೆ. ಹೊಟ್ಟೆ ತುಂಬಿದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಇದರ ಜೊತೆಗೆ ಮಿಡತೆ ಇದೆ, ಎಲೆಯ ಅಡಿಯಲ್ಲಿ ಅಂಟಿಕೊಂಡು ರಸ ಹೀರುವ ಹೇನು ಇದೆ.

ಇವರೆಲ್ಲ ಕಣ್ಣಿಗೆ ಕಾಣುವ ಕಳ್ಳರು. ಕಾಣದವನು ಬೇರೆ ಇದ್ದಾನೆ.

ಸೊಂಡಿಲಿನ ಕಳ್ಳ

ಕಿರಾಣಿ ಅಂಗಡಿಯವರಿಗೆ ಅಕ್ಕಿ ಚೀಲದ ಸೊಂಡಿಲು ಹುಳು ಗೊತ್ತು. ತೋಟದವರಿಗೆ ಬಾಳೆ ಬುಡ ಕೊರೆಯುವ ಮೂತಿಹುಳು ಗೊತ್ತು. ಅದೇ ಬಳಗದ್ದು ಹರಿವೆ ದಂಟಿನ ಮೂತಿಹುಳು, ಹೈಪೊಲಿಕ್ಸಸ್ ಟ್ರಂಕಾಟುಲಸ್. ಬೂದಿ ಬಣ್ಣದ ಈ ದುಂಬಿ ಮೂತಿಯಿಂದ ದಂಟಿಗೆ ಗುಳಿ ಕೊರೆದು ಅದರಲ್ಲಿ ಮೊಟ್ಟೆ ಇಡುತ್ತದೆ. ಕಾಲಿಲ್ಲದ ಬಿಳಿ ಮರಿ ದಂಟಿನ ತಿರುಳು ತಿನ್ನುತ್ತಾ ಸುರಂಗ ಮಾಡುತ್ತದೆ. ದಂಟು ಅಲ್ಲಲ್ಲಿ ಗಂಟು ಕಟ್ಟಿ ಉಬ್ಬುತ್ತದೆ, ಸೀಳುತ್ತದೆ, ಗಾಳಿಗೆ ಮುರಿದು ಬೀಳುತ್ತದೆ. ಮರಿ ದಂಟಿನೊಳಗೇ ಕೋಶವಾಗಿ ದುಂಬಿಯಾಗಿ ಹೊರಗೆ ಬರುತ್ತದೆ.

ಈ ಕಳ್ಳನಿಗೆ ಬೇಕಾದದ್ದು ದಪ್ಪ ದಂಟು. ಹುಳಿಗೆ ದಂಟು ಬಲಿಯಲಿ ಅಂತ, ಬೀಜಕ್ಕೆ ಅಂತ ಬಿಟ್ಟ ಗಿಡಕ್ಕೇ ಪೆಟ್ಟು ಜಾಸ್ತಿ. ಬಿತ್ತಿದ 25-30 ದಿನಕ್ಕೆ ಎಳೆ ಸೊಪ್ಪು ಕಿತ್ತವರು ಹೆಚ್ಚಿನ ಮಟ್ಟಿಗೆ ಪಾರು.

ಬಾಟ್ಲಿಯ ದಾರಿ

ಈಗ ಸಂತೆಯ ಮಾತಿಗೆ ಬರೋಣ. ಗಿರಾಕಿಗೆ ತೂತಿಲ್ಲದ ಎಲೆ ಬೇಕು. ಬೆಳೆದವರಿಗೆ ಕಟ್ಟು ಖರ್ಚಾಗಬೇಕು. ನಡುವೆ ಔಷಧಿ ಬಾಟ್ಲಿ ಬಂದು ಕೂರುತ್ತದೆ.

ಬದನೆಯೋ ಬೆಂಡೆಯೋ ಆದರೆ ತಿನ್ನುವುದು ಕಾಯಿ. ಹರಿವೆಯಲ್ಲಿ ಔಷಧಿ ಬಿದ್ದ ಎಲೆಯೇ ನಮ್ಮ ತಟ್ಟೆಗೆ ಬರುತ್ತದೆ. ಕೆಲವೇ ದಿನಕ್ಕೊಮ್ಮೆ ಕೊಯ್ಯುವ ಸೊಪ್ಪಿನಲ್ಲಿ ವಿಷ ಇಳಿಯಲು ಸಮಯ ಎಲ್ಲಿದೆ? ಅದರಲ್ಲೂ ಗಿಡದ ಒಳಗೇ ಸೇರುವ ಔಷಧಿಯಾದರೆ ಎಷ್ಟು ತೊಳೆದರೂ ಪೂರ್ತಿ ಹೋಗದು. ಅಂಥದ್ದೇ ಒಂದು ಮೊನೊಕ್ರೋಟೊಫಾಸ್. ತರಕಾರಿಗೆ ಅದನ್ನು ಹೊಡೆಯಬಾರದು ಅಂತ ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ.

ಪಕ್ಕದ ಕರಾವಳಿಯ ಪಾಠವೂ ಮರೆಯುವಂಥದ್ದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದೂ ಒಂದು ಕೀಟ ಕೊಲ್ಲಲಿಕ್ಕೇ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಅದು. ಸುಪ್ರೀಂ ಕೋರ್ಟು 2011ರಲ್ಲಿ ತಡೆ ಹಾಕುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು.

ಹಿತ್ತಲಿನವರಿಗೆ

ಬಾಟ್ಲಿ ಇಲ್ಲದೆ ಬೆಳೆಯಲು ಆಗುವುದಿಲ್ಲವೇ? ಆಗುತ್ತದೆ, ಕಣ್ಣು ಮತ್ತು ಕೈ ಎರಡೂ ಕೆಲಸ ಮಾಡಬೇಕು.

ಮಡಚಿದ ಎಲೆ ಕಂಡ ದಿನವೇ ಹುಳು ಸಮೇತ ಕಿತ್ತು ಹಾಕಿ. ಗಂಟು ಕಟ್ಟಿದ ದಂಟನ್ನು ಬೇಲಿ ಬುಡಕ್ಕೆ ಎಸೆಯಬೇಡಿ, ಎಸೆದರೆ ಅಲ್ಲಿಂದಲೇ ದುಂಬಿ ಹೊರಡುತ್ತದೆ. ಸುಡಿ, ಇಲ್ಲವೇ ಆಳವಾಗಿ ಹೂಳಿ. ಗೊಬ್ಬರ ಗುಂಡಿಯ ಪಕ್ಕ ತಾನಾಗಿ ಹುಟ್ಟುವ ಮುಳ್ಳುಹರಿವೆಯೂ ಹುಳುವಿಗೆ ಆಸರೆ, ಅದನ್ನೂ ತೆಗೆಯಿರಿ. ಬೆಳೆ ಮುಗಿದ ಮೇಲೆ ಮಣ್ಣು ಕೆದಕಿದರೆ ಕೋಶಗಳು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ.

ಬೇವಿನ ಬೀಜದ ಕಷಾಯವೂ ಉಂಟು. 50 ಗ್ರಾಂ ತಿರುಳಿನ ಪುಡಿ ರಾತ್ರಿ ನೆನೆಸಿ, ಸೋಸಿ, ಒಂದು ಲೀಟರ್ ನೀರು ಮಾಡಿ, ಚೂರು ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಬೇಕು. ಆದರೆ ನಮ್ಮ ಘಟ್ಟದ ಮಳೆಗೆ ಅದು ತೊಳೆದು ಹೋಗುತ್ತದೆ. ಹೊಳವಾದ ದಿನ ನೋಡಿಯೇ ಹೊಡೆಯಬೇಕು. ಅನುಮಾನ ಬಂದರೆ ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ತೋಟಗಾರಿಕಾ ಕಾಲೇಜಿದೆ. ಹುಳು ಹಿಡಿದ ಗಿಡವನ್ನೇ ಒಯ್ದು ತೋರಿಸಬಹುದು.

ಕೊಳ್ಳುವವರಿಗೆ

ಇಷ್ಟೆಲ್ಲ ಮಾಡಿದರೂ ಎಲೆಯಲ್ಲಿ ನಾಲ್ಕು ತೂತು ಇದ್ದೇ ಇರುತ್ತದೆ. ಜರಡಿಯಾದದ್ದನ್ನು ಬಿಡಿ. ಗಂಟು ದಂಟನ್ನು ಮುರಿದು ನೋಡಿ, ಒಳಗೆ ಸುರಂಗವಿದ್ದರೆ ಬೇಡ. ಆದರೆ ನಾಲ್ಕು ತೂತಿನ ಕಟ್ಟನ್ನು ದೂಡಬೇಡಿ. ಉಪ್ಪು ನೀರಲ್ಲಿ ಅದ್ದಿ ತೊಳೆದರೆ ಹುಳು ಹೋಗುತ್ತದೆ, ಹುಳಿಯ ರುಚಿ ಎಲ್ಲೂ ಹೋಗುವುದಿಲ್ಲ.

ತೂತಿಲ್ಲದ ಸೊಪ್ಪೆಲ್ಲ ವಿಷ ಅಂತಲ್ಲ. ನಿಗಾ ಇಟ್ಟು ಬೆಳೆದವರೂ ಇದ್ದಾರೆ. ಅದಕ್ಕೇ ಬಸ್ಸಿಗೆ ಹೊತ್ತಾಯಿತು ಅಂತ ಓಡುವ ಮೊದಲು ಮಾರುವ ಅಕ್ಕನ ಹತ್ತಿರ ಒಂದು ಮಾತು ಕೇಳಿ: "ಔಷಧಿ ಹೊಡೆದು ಎಷ್ಟು ದಿನ ಆತು?" ನಾಲ್ಕು ಜನ ಗಿರಾಕಿಗಳು ದಿನಾ ಈ ಪ್ರಶ್ನೆ ಕೇಳಿದರೆ, ಬೆಳೆಯುವವರ ಕೈ ಬಾಟ್ಲಿಗೆ ಹೋಗುವ ಮೊದಲು ಒಂದು ಕ್ಷಣ ತಡೆದೀತು.